ಮೇಷ್ಟ್ರ ಮರಳುಪೆಟ್ಟಿಗೆ

ಭೂಗೋಳದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಮೊದಲು ಎತ್ತಿದ್ದು, ಬೆಟ್ಟ ಹುಟ್ಟುವ ಬಗೆ ತೋರಿಸಲು ಅವರು ಬಳಸುತ್ತಿದ್ದ ಮರಳುಪೆಟ್ಟಿಗೆಯ ಮಾತು. ಪಠ್ಯದಲ್ಲಿ ಏನೇನಿತ್ತೋ ಯಾರಿಗೂ ನೆನಪಿಲ್ಲ. ಪೆಟ್ಟಿಗೆ ಮಾತ್ರ ಅಳತೆ ಸಮೇತ ನೆನಪಿದೆ: ಮೂರಡಿ ಉದ್ದ, ಎಂಟಂಗುಲ ಅಗಲ, ಎರಡು ಬದಿಗೆ ಗಾಜು, ಒಂದು ತುದಿಯಲ್ಲಿ ಸ್ಕ್ರೂ ತಿರುಗಿಸಿದರೆ ಒಳಕ್ಕೆ ಸರಿಯುವ ಹಲಗೆ.

ಮರಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣಗಳನ್ನಷ್ಟೇ ಜರಡಿ ಹಿಡಿಯಬೇಕು. ಅರ್ಧ ಪಾಲಿಗೆ ಬಣ್ಣ. ಒಂದು ಸಾದಾ, ಒಂದು ಬಣ್ಣದ್ದು ಎಂಬಂತೆ ಅರ್ಧ ಸೆಂಟಿಮೀಟರಿನ ಐದಾರು ಪದರ. ಸುರಿಯುವಂತಿಲ್ಲ, ಉದುರಿಸಬೇಕು, ಸುರಿದರೆ ಒಂದೆಡೆ ಸಡಿಲ, ಒಂದೆಡೆ ಬಿಗಿಯಾಗಿ, ಸೀಳು ಬೇಡದ ಜಾಗದಲ್ಲಿ ಬೀಳುತ್ತದೆ. ಹಲಗೆಯನ್ನು ಒಂದೇ ಸಮನೆ ತಳ್ಳಿದರೆ ಮೊದಲು ಸಣ್ಣ ಉಬ್ಬು; ಆಮೇಲೆ ಪದರಗಳು ಸುಮಾರು 30 ಡಿಗ್ರಿ ಓರೆಯಲ್ಲಿ ಸೀಳಿ, ಕೆಳಗಿನದು ಮೇಲಿನದರ ಮೇಲೇರಿ ಕೂರುತ್ತದೆ. ಇನ್ನೂ ತಳ್ಳಿದರೆ ಆ ಸೀಳು ಸುಮ್ಮನಾಗಿ, ಅದರ ಮುಂದೆ ಹೊಸದು ಹುಟ್ಟುತ್ತದೆ. ಹಿಮಾಲಯದಲ್ಲೂ ಇದೇ ಸರದಿ: ಅಲ್ಲಿನ ಇಂಥ ಓರೆ ಸೀಳುಗಳಲ್ಲಿ ಉತ್ತರದ ಮೇನ್ ಸೆಂಟ್ರಲ್ ಥ್ರಸ್ಟ್ ಹಳೆಯದು, ಮೇನ್ ಬೌಂಡರಿ ಆಮೇಲಿನದು, ಶಿವಾಲಿಕ್ ಬೆಟ್ಟಗಳ ಬುಡದ ಮೇನ್ ಫ್ರಂಟಲ್ ತೀರಾ ಈಚಿನದು.

ಒಮ್ಮೆ ಹಿಂದಿನ ಬೆಂಚಿನ ಹುಡುಗರು ತರಗತಿಗೆ ಮುಂಚೆಯೇ ಮರಳಿಗೆ ನೀರು ಹೊಯ್ದಿಟ್ಟರು. ಹಲಗೆ ತಳ್ಳಿದರೆ ಓರೆ ಸೀಳೂ ಇಲ್ಲ, ಬೆಟ್ಟವೂ ಇಲ್ಲ. ಮರಳು ಗಡ್ಡೆಗಡ್ಡೆಯಾಗಿ ಒಡೆದು ಗೋಡೆಯ ಹಾಗೆ ನೆಟ್ಟಗೆ ನಿಂತಿತು. ಮೇಷ್ಟ್ರು, "ಹೊಯ್ದವರು ಯಾರು ಅಂತ ಕೇಳಲ್ಲ. ಹೀಗೇಕಾಯ್ತು ಹೇಳ್ರಪ್ಪ" ಎಂದರು. ಆ ದಿನ ಹೇಳಿಕೊಟ್ಟದ್ದು 1937ರಲ್ಲಿ ಅಮೆರಿಕದ ಭೂವಿಜ್ಞಾನಿ ಎಂ. ಕಿಂಗ್ ಹಬರ್ಟ್ ಹಾಕಿಕೊಟ್ಟ ಲೆಕ್ಕ. 1 ಕಿಲೋಮೀಟರನ್ನು 1 ಸೆಂಟಿಮೀಟರಿಗೆ, ಅಂದರೆ ಲಕ್ಷ ಪಟ್ಟು ಕುಗ್ಗಿಸಿದರೆ, ಕಲ್ಲಿನ ಗಟ್ಟಿತನವನ್ನೂ ಹೆಚ್ಚುಕಡಿಮೆ ಅಷ್ಟೇ ಕುಗ್ಗಿಸಬೇಕು. ಒಣಮರಳಿಗೆ ಅಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹೊಂದುತ್ತದೆ. ಒದ್ದೆಮರಳು ಆ ಅಳತೆಗೆ ತೀರಾ ಗಟ್ಟಿ. ನೀರು ಬೇಕಾಗುವುದು ತಳ್ಳಿ ಮುಗಿದ ಮೇಲೆ. ಗಾಜಿಗೆ ತಾಗಿದ ಮರಳು ತಿಕ್ಕಾಟದಿಂದ ಹಿಂದುಳಿಯುವುದರಿಂದ ಅಲ್ಲಿ ಕಾಣುವ ಗೆರೆ ನಂಬುವಂಥದ್ದಲ್ಲ. ನೀರು ಚಿಮುಕಿಸಿ, ನಡುಮಧ್ಯೆ ತಗಡಿನಿಂದ ಕೊಯ್ದು ನೋಡಬೇಕು.

ಈಗಿನ ತರಗತಿಗಳಲ್ಲಿ ಪರದೆಯ ಮೇಲೆ ಎರಡು ಬಾಣ ಎದುರುಬದುರಾಗಿ ಬಂದು ಹತ್ತು ಸೆಕೆಂಡಿನಲ್ಲಿ ಪರ್ವತ ಎದ್ದುಬಿಡುತ್ತದೆ. ಸವೆತ ಅದರಲ್ಲಿ ಎಲ್ಲಿದೆ? ಮೇಷ್ಟ್ರು ಹಲಗೆ ತಳ್ಳುತ್ತಲೇ ನೆತ್ತಿಯ ಮರಳನ್ನು ಕುಂಚದಿಂದ ಗುಡಿಸಿ ತೆಗೆಸುತ್ತಿದ್ದರು. ಮೇಲಿನ ಭಾರ ಇಳಿದರೆ ಹಳೆಯ ಸೀಳೇ ಜಾರುತ್ತಾ ಹೋಗುತ್ತದೆ, ಹೊಸದು ಹುಟ್ಟುವುದು ತಡವಾಗುತ್ತದೆ. ಮಳೆ, ನದಿಗಳು ಬೆಟ್ಟವನ್ನು ಕೊರೆಯುವುದಷ್ಟೇ ಅಲ್ಲ, ಒಳಗಿನ ಸೀಳು ಎಲ್ಲಿ ಜಾರಬೇಕೆಂಬುದರಲ್ಲೂ ಕೈಯಾಡಿಸುತ್ತವೆ. ಇದನ್ನು ಕಣ್ಣಾರೆ ಕಂಡವರು ಭೂಪಟ ಓದುವ ರೀತಿಯೇ ಬೇರೆ, ಜಂಬವೆನ್ನಿಸಿದರೆ ಅನ್ನಿಸಲಿ.

ಪರೀಕ್ಷೆಯಲ್ಲಿ ಅವರ ಮೆಚ್ಚಿನ ಪ್ರಶ್ನೆ ಕ್ಯಾಲಿಫೋರ್ನಿಯಾದ ವ್ಯಾಲೇಸ್ ಕ್ರೀಕ್. ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು, ಅಂದರೆ ಎರಡು ಬದಿಯ ನೆಲ ಪಕ್ಕಕ್ಕೆ ಜಾರುವ ದೊಡ್ಡ ಸೀಳನ್ನು, ದಾಟುವಲ್ಲಿ ಈ ತೊರೆ ಸುಮಾರು 3,700 ವರ್ಷಗಳಲ್ಲಿ 130 ಮೀಟರ್ ಪಕ್ಕಕ್ಕೆ ಸರಿದಿದೆ, ವೇಗವೆಷ್ಟು? ಭಾಗಿಸಿ "ವರ್ಷಕ್ಕೆ 35 ಮಿಲಿಮೀಟರ್" ಎಂದು ಬರೆದವರಿಗೆ ಅರ್ಧ ಅಂಕ. ಅದು ಬರೀ ಸರಾಸರಿ, ಸ್ತರಭಂಗ ಅಲ್ಲಿ ದೀರ್ಘಕಾಲ ಕಚ್ಚಿಕೊಂಡಿದ್ದು 1857ರದಂಥ ಭೂಕಂಪದಲ್ಲಿ ಒಂದೇ ಏಟಿಗೆ ಮೀಟರುಗಟ್ಟಲೆ ಜಿಗಿಯುತ್ತದೆ ಎಂದು ಸೇರಿಸಿದವರಿಗಷ್ಟೇ ಪೂರ್ತಿ.