ಬಾಡಿಗೆ ಮನೆಯ ಬಾಗಿಲಲ್ಲಿ ಐದು ನಿಮಿಷ: ತರಗತಿಯಲ್ಲಿ ವಿಆರ್ ಪಾತ್ರಾಭಿನಯ

"ಅಡ್ಡಹೆಸರೇನ್ರೀ?"

ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಬಾಡಿಗೆ ಎಷ್ಟು, ನೀರು ಯಾವಾಗ ಬಿಡ್ತಾರೆ ಅನ್ನುವ ಮಾತು ಸಲೀಸಾಗಿ ನಡೆದಿರುತ್ತದೆ. ಹೆಸರಾದ ಮೇಲೆ ಜಾತಿ-ಧರ್ಮ ತಿಳಿಯಲು ಅಡ್ಡಹೆಸರು (ಮನೆತನದ ಹೆಸರು), ಅದರಿಂದಲೂ ಗೊತ್ತಾಗದಿದ್ದರೆ "ಯಾರ ಪೈಕಿ?", ಕೊನೆಗೆ "ಮನ್ಯಾಗ ಕೇಳಿ ಹೇಳ್ತೀನ್ರೀ". ಯಾರೂ ದನಿ ಏರಿಸುವುದಿಲ್ಲ, ಯಾರೂ ಬಯ್ಯುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ಇನ್ನೊಬ್ಬರ ಬದುಕನ್ನು ಅರ್ಥಮಾಡಿಸಲು, ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ಇದ್ದಂತೆ ಕಾಣಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತರುವುದಾದರೆ ಇಂಥ ಗಳಿಗೆಗೆ ತರಬೇಕು.

ಹೆಡ್‌ಸೆಟ್ ಕೈಗೆ ಬಂದರೆ ಶಾಲೆಗಳಿಗೆ ಮೊದಲು ಹೊಳೆಯುವುದು ಪ್ರವಾಸ: ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧವಿಹಾರ, ಬೀದರಿನ ನಾನಕ್ ಝೀರಾ. ಇವನ್ನು ನೋಡಲು ಬಸ್ಸಿದೆ, ಬಾಗಿಲು ತೆರೆದಿದೆ. ಅಷ್ಟೂರಿನ ಉರುಸಿಗೂ ತಿಂಥಣಿ ಮೌನೇಶ್ವರನ ಜಾತ್ರೆಗೂ ಹಿಂದೂ, ಮುಸ್ಲಿಂ ಎರಡೂ ಧರ್ಮದ ಜನ ಸೇರುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಬಸ್ಸು ಹೋಗದ ಕಡೆಗಷ್ಟೇ ವಿಆರ್ ಬೇಕು.

ಎರಡನೆಯ ತಪ್ಪು ಹೆಚ್ಚು ಅಪಾಯದ್ದು: "ಇವತ್ತು ನೀನು ಮುಸ್ಲಿಂ ಹುಡುಗ, ನೀನು ಲಂಬಾಣಿ ಹುಡುಗಿ" ಎಂದು ವೇಷ ಹಾಕಿಸುವುದು. ವಿಆರ್‌ನಲ್ಲಿ ಬೇರೆ ಜನಾಂಗದ ಮೈ ತೊಟ್ಟರೆ ಏನಾಗುತ್ತದೆ ಎಂಬ ಸಂಶೋಧನೆ ಒಂದೇ ದಿಕ್ಕಿಗೆ ಬೆರಳು ತೋರುವುದಿಲ್ಲ. 2013ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಪ್ರಯೋಗದಲ್ಲಿ ಕಪ್ಪು ಮೈಯ ಅವತಾರ ತೊಟ್ಟ ಬಿಳಿಯರ ಒಳಪೂರ್ವಗ್ರಹ (ತಮಗೇ ಅರಿವಿಲ್ಲದ ಪೂರ್ವಗ್ರಹ) ಕಡಿಮೆಯಾಯಿತು. ಅದಕ್ಕೂ ಮೊದಲು, 2009ರಲ್ಲಿ ಸಂಶೋಧಕರಾದ ಗ್ರೂಮ್, ಬೇಲೆನ್ಸನ್, ನಾಸ್ ಪ್ರಕಟಿಸಿದ ಅಧ್ಯಯನದಲ್ಲಿ ಅದು ಹೆಚ್ಚಾಗಿತ್ತು. ಮೊದಲನೆಯದರಲ್ಲಿ ಕನ್ನಡಿಯ ಮುಂದೆ ನಿಂತು ಆ ಮೈಯನ್ನು ತನ್ನದೆಂದು ಅನುಭವಿಸಲು ಬಿಡುವಿತ್ತು. ಎರಡನೆಯದರಲ್ಲಿ ಉದ್ಯೋಗ ಸಂದರ್ಶನವಿತ್ತು. ಸಂದರ್ಶನ ಎಂದೊಡನೆ ಹಳೆಯ ಅಭಿಪ್ರಾಯಗಳೆಲ್ಲ ಎದ್ದು ಕೂರುತ್ತವೆ. ಹಾಗಾಗಿ ಮೈ ಬದಲಿಸುವ ಕೆಲಸ ಬಿಟ್ಟು, ಮಗುವಿನ ಕೈಗೊಂದು ಹೆಸರು, ಒಂದು ಗರಜು ಕೊಡುವುದು ವಾಸಿ.

ಪಾತ್ರದ ಚೀಟಿ ನಾಲ್ಕು ಸಾಲು ದಾಟಬಾರದು. ಹೆಸರು, ಜೊತೆಗೆ ಯಾರಿದ್ದಾರೆ, ಏನು ಬೇಕು, ಯಾವಾಗಿನೊಳಗೆ ಬೇಕು. ಉದಾಹರಣೆಗೆ: "ಯಾದಗಿರಿ ಕಡೆಯವರು, ಪುಣೆಗೆ ಗುಳೆ ಹೋಗಿ ಬಂದಿದ್ದೀರಿ. ಅಕ್ಕನಿಗೆ ಸೋಮವಾರದಿಂದ ಕಾಲೇಜು. ಕೈಯಲ್ಲಿ 10,000 ಮುಂಗಡ ಇದೆ. ಸಂಜೆಯೊಳಗೆ ಮನೆ ಆಗಬೇಕು." ಜಾತಿ, ಧರ್ಮ ಬರೆಯಬೇಡಿ, ಹೆಸರೇ ಸಾಕು. ಮನೆ ಮಾಲಕನಿಗೂ ಚೀಟಿ ಇರಲಿ: ಹಿಂದಿನ ಬಾಡಿಗೆಯವರು ಮೂರು ತಿಂಗಳ ಹಣ ಉಳಿಸಿ ಹೋದರು, ಓಣಿಯವರು ಏನಂತಾರೋ ಎಂಬ ಅಂಜಿಕೆ ಮನೆಯ ಹಿರಿಯರಿಗಿದೆ. ಮಾಲಕ ಬರೀ ಕೆಟ್ಟವನಾದರೆ ಯಾವ ಮಗುವೂ ಅವನಲ್ಲಿ ತನ್ನ ಮನೆಯವರನ್ನು ಕಾಣುವುದಿಲ್ಲ.

ಬರೆದದ್ದನ್ನು ಆಯಾ ಸಮುದಾಯದ ಕನಿಷ್ಠ ಮೂವರಿಗೆ ಓದಿ ಹೇಳಿ. ಒಬ್ಬರು ಗಂಡಸು, ಒಬ್ಬರು ಹೆಂಗಸು, ಒಬ್ಬರು ಮಕ್ಕಳ ವಯಸ್ಸಿನವರು. ಹೆಚ್ಚಾಗಿ ಎಡವುವುದು ಭಾಷೆಯಲ್ಲಿ. ಮನೆಯಲ್ಲಿ ದಖನಿ ಆಡುವ ಹುಡುಗ ಮಾಲಕನ ಮುಂದೆ ನಮ್ಮೆಲ್ಲರಂತೆ ಕಲಬುರಗಿ ಕನ್ನಡವನ್ನೇ ಆಡುತ್ತಾನೆ. ಅವನ ಬಾಯಲ್ಲಿ "ಅರೇ ಭಾಯ್" ತುರುಕಿದರೆ ಅದು ಅಣಕ.

ಇನ್ನು ಚಿತ್ರೀಕರಣ. ವಿಡಿಯೊದಲ್ಲಿ ಮಾಲಕನಾಗಿ ನಟರು ಆಡುತ್ತಾರೆ, ಕ್ಯಾಮೆರಾ ನಿಂತ ಜಾಗವೇ ಹೆಡ್‌ಸೆಟ್ ಹಾಕಿದ ಮಗುವಿನ ಜಾಗ. ಸುತ್ತಲಿನದನ್ನೆಲ್ಲ ಒಮ್ಮೆಗೇ ಹಿಡಿಯುವ, ಎರಡು ಲೆನ್ಸಿನ 360 ಡಿಗ್ರಿ ಕ್ಯಾಮೆರಾ ಸಾಕು. ಎತ್ತರ ನೆಲದಿಂದ 145 ಸೆಂ.ಮೀ. ಸುಮಾರು, ಹದಿನಾಲ್ಕರ ಮಗುವಿನ ಕಣ್ಣಿನ ಮಟ್ಟ. ಕ್ಯಾಮೆರಾ ಅಂಗಳದಲ್ಲಿ, ಮಾಲಕ ಒಂದು ಮೆಟ್ಟಿಲು ಮೇಲೆ ಕಟ್ಟೆಯಲ್ಲಿ. ಆ ಒಂದು ಮೆಟ್ಟಿಲಿನಿಂದ ಯಾರ ಮಾತು ನಡೆಯುತ್ತದೆ ಎಂಬುದು ಹೇಳದೆಯೇ ತಿಳಿಯುತ್ತದೆ. ನಟರು ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿರಲಿ. ಇನ್ನೂ ಹತ್ತಿರ ಬಂದರೆ ಎರಡು ಚಿತ್ರ ಕೂಡುವ ಗೆರೆಯಲ್ಲಿ ಮುಖ ಸೀಳಿದಂತೆ ಕಾಣುತ್ತದೆ. ಕ್ಯಾಮೆರಾ ಅಲುಗಾಡಿಸಬೇಡಿ, ಮಕ್ಕಳಿಗೆ ವಾಕರಿಕೆ ಬರುವುದು ಹೆಚ್ಚಾಗಿ ಅದರಿಂದಲೇ. ಕ್ಯಾಮೆರಾದ ಮೈಕನ್ನು ನಂಬಿದರೆ ಆಟೋ ಸದ್ದು, ಗಾಳಿ ಸದ್ದೇ ಕೇಳುತ್ತದೆ. ಅಂಗಿಗೆ ಸಿಕ್ಕಿಸುವ ಮೈಕ್ ಬಳಸಿ.

ಮಾಲಕ ಎಲ್ಲಿಯೂ ಬಾಡಿಗೆ ಕೇಳಿ ಬಂದವರ ಹೆಸರನ್ನು ಉಚ್ಚರಿಸಬಾರದು. "ಹೆಸರು?" ಅಂತ ಕೇಳಿ ಹತ್ತು ಸೆಕೆಂಡು ಬೀಗದ ಕೈ ತಿರುಗಿಸುತ್ತ ನಿಲ್ಲಲಿ. ಅಲ್ಲಿ ವಿಡಿಯೊ ನಿಂತು, ಮಗು ಬಾಯಿಬಿಟ್ಟು ಉತ್ತರ ಕೊಟ್ಟು, ಆಗ ಎದುರಿಗೆ ಕಾಣುವ ಚುಕ್ಕೆಯನ್ನು ಎರಡು ಸೆಕೆಂಡು ದಿಟ್ಟಿಸಿದರೆ ಮುಂದುವರಿಯಬೇಕು. ಹೀಗೆ ಮೂರು ನಿಲುಗಡೆ. ಒಂದೇ ವಿಡಿಯೊ ನಾಲ್ಕು ಹೆಸರಿನ ನಾಲ್ಕು ಚೀಟಿಗೆ ಹೊಂದುತ್ತದೆ. "ಮನ್ಯಾಗ ಕೇಳಿ ಹೇಳ್ತೀನ್ರೀ" ಎಂಬ ಅದೇ ಮಾತು ಒಂದು ಹೆಸರು ಹೇಳಿದವನಿಗೆ ಬರೀ ಕಾಯುವಿಕೆ, ಇನ್ನೊಂದು ಹೆಸರು ಹೇಳಿದವಳಿಗೆ ಮುಚ್ಚಿದ ಬಾಗಿಲು. ಆಮೇಲಿನ ಚರ್ಚೆಗೆ ಇದೇ ಬಂಡವಾಳ.

ಇದನ್ನು ಬ್ರೌಸರಿನಲ್ಲೇ ವಿಆರ್ ದೃಶ್ಯ ಕಟ್ಟಲು ನೆರವಾಗುವ ತಂತ್ರಾಂಶ ಎ-ಫ್ರೇಮ್‌ನಲ್ಲಿ ಕಟ್ಟಬಹುದು, ಉಚಿತ. ಎಲ್ಲರೂ ಸಿಕ್ಕಿಬೀಳುವುದು ಒಂದೇ ಕಡೆ: ಲ್ಯಾಪ್‌ಟಾಪಿನಿಂದ ಸಾದಾ ಎಚ್‌ಟಿಟಿಪಿ ವಿಳಾಸದಲ್ಲಿ ತೆರೆದರೆ ಪುಟ ಕಾಣುತ್ತದೆ, ವಿಆರ್ ಮಾತ್ರ ಶುರುವಾಗುವುದಿಲ್ಲ. ಬ್ರೌಸರ್‌ಗೆ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ವಿಳಾಸ ಬೇಕು, ಇಲ್ಲವೇ ಲೋಕಲ್‌ಹೋಸ್ಟ್ (ಅದೇ ಸಾಧನದೊಳಗಿನ ವಿಳಾಸ). ಯುಎಸ್‌ಬಿ ಹಚ್ಚಿ, ಲ್ಯಾಪ್‌ಟಾಪಿನ ಪುಟವನ್ನು ಹೆಡ್‌ಸೆಟ್ಟಿನ ಲೋಕಲ್‌ಹೋಸ್ಟಿಗೆ ತರುವ ಎಡಿಬಿ ರಿವರ್ಸ್ ಆಜ್ಞೆ ಕೊಟ್ಟರೆ ಕೆಲಸ ಆಗುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ ಐದು ನಿಮಿಷದ ವಿಡಿಯೊ 3.75 ಜಿಬಿ ಆಗುತ್ತದೆ. 40ಕ್ಕೆ ಇಳಿಸಿದರೆ 1.5 ಜಿಬಿ. ಶಾಲೆಯ ವೈಫೈ ಮೇಲೆ ಭಾರ ಹಾಕದೆ ಹಿಂದಿನ ದಿನವೇ ಎಲ್ಲವನ್ನೂ ಓಡಿಸಿ ನೋಡಿ.

ನಮ್ಮ ಬಿಸಿಲಿನ ಬಗ್ಗೆಯೂ ಹೇಳಬೇಕು. ಹೆಡ್‌ಸೆಟ್ಟಿನ ಲೆನ್ಸ್ ಮೇಲೆ ಕಿಟಕಿಯ ಬಿಸಿಲು ಬಿದ್ದರೆ ಒಳಗಿನ ಪರದೆ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಕಿಟಕಿಗೆ ಪರದೆ ಇರಲಿ. ಬೆವರಿಗೆ ಒರೆಸಬಹುದಾದ ಸಿಲಿಕೋನ್ ಹೊದಿಕೆ ಹಾಕಿ. ಲೆನ್ಸಿಗೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಸ್ಯಾನಿಟೈಸರ್ ಮುಟ್ಟಿಸಬಾರದು. ಜಡೆ ಇದ್ದರೆ ಹಿಂದಿನ ಪಟ್ಟಿ ಜಡೆಯ ಅಡಿಗೆ ಬರಲಿ. ಹಿಜಾಬ್, ಪಗಡಿ ತೆಗೆಸುವ ಮಾತೇ ಬೇಡ. ಪಟ್ಟಿ ಸಡಿಲಿಸಿ ಮೇಲಿಂದಲೇ ಹಾಕಬಹುದು. ಹಿಂದಿನ ಪಿನ್ನು ಚುಚ್ಚಿದರೆ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳುವುದು ಆ ಹುಡುಗಿಯ ಕೆಲಸ, ನಿಮ್ಮದಲ್ಲ. ಸಹಿಷ್ಣುತೆಯ ಪಾಠ ಮುಸುಕು ಎಳೆಯುವುದರಿಂದ ಶುರುವಾಗಬಾರದು.

ನಾಲ್ಕು ಹೆಡ್‌ಸೆಟ್, ನಾಲ್ವರ ನಾಲ್ಕು ಗುಂಪು, ಅಂದರೆ ದಿನಕ್ಕೆ 16 ಮಕ್ಕಳು. ಒಬ್ಬರು ಕುರ್ಚಿಯಲ್ಲಿ ಕೂತು ಹಾಕಿಕೊಳ್ಳುತ್ತಾರೆ, ಒಬ್ಬರು ಅವರ ಉತ್ತರ ಬರೆದುಕೊಳ್ಳುತ್ತಾರೆ, ಒಬ್ಬರು ಕೈ ಬಡಿಯದಂತೆ ಕಾಯುತ್ತಾರೆ, ಒಬ್ಬರು ಮಾಲಕನ ಚೀಟಿ ಓದುತ್ತಾರೆ. ಐದು ನಿಮಿಷ ಆಟ, ಮೂರು ನಿಮಿಷ ಬದಲಾವಣೆ. ನಾಲ್ಕು ಸರದಿಗೆ 32 ನಿಮಿಷ, ಒಂದು ಪೀರಿಯಡ್ ಮುಗಿಯಿತು. ಮುಂದಿನ ಪೀರಿಯಡ್ ಪೂರ್ತಿ ಮಾತಿಗೆ. ಸಮಯ ಸಾಲದಿದ್ದರೆ ಹೆಡ್‌ಸೆಟ್ ಸರದಿ ಕಡಿಮೆ ಮಾಡಿ, ಮಾತಿನ ಹೊತ್ತು ಕಡಿಮೆ ಮಾಡಬೇಡಿ. "ಸಾಕು" ಅಂದ ತಕ್ಷಣ ತೆಗೆಯಬೇಕು, ಚೀಟಿ ಬದಲಿಸಿ ಅಂದರೆ ಕಾರಣ ಕೇಳಬಾರದು.

"ಹೆಂಗನಿಸ್ತು?" ಎಂದು ಕೇಳಿದರೆ "ಛಲೋ ಇತ್ರಿ ಸರ್" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ಕೇಳಿ: ಮಾಲಕ ಬೀಗದ ಕೈ ಯಾವಾಗ ಜೇಬಿಗೆ ಹಾಕಿದ? ನೀನು ಅಡ್ಡಹೆಸರು ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದೆ? ಸುಳ್ಳು ಹೆಸರು ಹೇಳಬೇಕು ಅನಿಸಿತಾ? ಚೀಟಿಯ ಹೆಸರಿನಂಥದೇ ಹೆಸರಿರುವ ಮಗು ತರಗತಿಯಲ್ಲಿದ್ದರೆ ಎಲ್ಲರ ಕಣ್ಣು ಅತ್ತ ಹೊರಳುತ್ತದೆ. "ಖರೇನೇ ಹಿಂಗ ಆಗ್ತದೇನು?" ಎಂದು ಆ ಮಗುವನ್ನು ಸಾಕ್ಷಿಗೆ ನಿಲ್ಲಿಸುವುದು ದೊಡ್ಡ ಅನ್ಯಾಯ. ಮಾತು ಚೀಟಿಯ ಬಗ್ಗೆಯೇ ಇರಲಿ. ನಂತರ ಹೆಡ್‌ಸೆಟ್ ಬದಿಗಿಟ್ಟು ಅದೇ ದೃಶ್ಯವನ್ನು ಎದುರುಬದುರು ಆಡಿಸಿ, ಈ ಸಲ ಮಾಲಕನ ಚೀಟಿ ಓದಿದವರೇ ಕಟ್ಟೆಯ ಮೇಲೆ.

ಅಮೆರಿಕದ ಮನೋವಿಜ್ಞಾನಿ ಗೋರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಮಾನ ಸ್ಥಾನ, ಒಂದೇ ಗುರಿ, ಕೂಡಿ ದುಡಿಮೆ, ಮೇಲಿನವರ ಬೆಂಬಲ ಇದ್ದಾಗ ಎರಡು ಗುಂಪಿನ ಒಡನಾಟ ಪೂರ್ವಗ್ರಹವನ್ನು ಕರಗಿಸುತ್ತದೆ. ಬಾಡಿಗೆ ಮನೆಯ ದೃಶ್ಯವಾದ ಮೇಲೆ ಇನ್ನೊಂದು ಹೊಸ ದೃಶ್ಯವನ್ನು ಒಂದು ಕನ್ನಡ ಮಾಧ್ಯಮ, ಒಂದು ಉರ್ದು ಮಾಧ್ಯಮ ಶಾಲೆಯ ಮಕ್ಕಳು ಕೂಡಿ ತಯಾರಿಸಲಿ. ಬ್ಯಾಂಕಿನಲ್ಲಿ ಚಲನ್ ತುಂಬಲು ಬಾರದೆ ನಿಂತ ಅಜ್ಜಿಯ ದೃಶ್ಯ ಚಿಕ್ಕದು, ಮಾಡಲು ಸುಲಭ. ಒಬ್ಬರು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು, ಒಬ್ಬರು ಮೈಕ್ ಸಿಕ್ಕಿಸಬೇಕು, ಅಜ್ಜಿ ಏನಂತಾಳೆ ಎಂಬುದನ್ನು ಇಬ್ಬರೂ ಕೂತು ಬರೆಯಬೇಕು. ಎರಡು ಶನಿವಾರದ ಕೆಲಸ.