ಅನ್ನ ವಾಪಸ್ ಬಂತು, ತುಪ್ಪ ಹೋಗಲಿಲ್ಲ

17 ಜನವರಿ 2026, ಶನಿವಾರ
ಮೈಸೂರು

ಬೆಳಿಗ್ಗೆ ತೂಕ ನೋಡಿದರೆ 67.6. ಹಬ್ಬಕ್ಕೆ ಮುಂಚೆ 66.2 ಇತ್ತು. ಸಂಕ್ರಾಂತಿ ಒಂದೂವರೆ ಕಿಲೋ ಹತ್ತಿರ ಕೊಟ್ಟು ಹೋಗಿದೆ. ಆದರೂ ಗಾಬರಿ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಇವತ್ತು ಬರೆದಿಡೋಣ ಅನ್ನಿಸಿತು. ಲೋ ಕಾರ್ಬ್ (ಅನ್ನ, ಚಪಾತಿ, ಸಿಹಿಯಂಥ ಕಾರ್ಬೋಹೈಡ್ರೇಟ್ ಕಡಿಮೆ ಮಾಡುವ ಊಟ) ಮಾಡಿ ಇಳಿದವರಲ್ಲಿ ಬಹಳ ಜನ ಕೈಚೆಲ್ಲುವುದು ಇಂಥದ್ದೇ ಒಂದು ಬೆಳಿಗ್ಗೆ.

ಮೊದಲು ಲೆಕ್ಕ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ನನ್ನ ಮೈಮೇಲೆ 1.4 ಕಿಲೋ ಕೊಬ್ಬು ಬರಬೇಕಾದರೆ ಮಾಮೂಲಿ ಊಟದ ಮೇಲೆ ಹೆಚ್ಚುವರಿಯಾಗಿ ಹತ್ತು ಸಾವಿರಕ್ಕಿಂತ ಜಾಸ್ತಿ ಕ್ಯಾಲೊರಿ ತಿಂದಿರಬೇಕು. ಎಳ್ಳು-ಬೆಲ್ಲದ ಲೆಕ್ಕದಲ್ಲಿ ಎರಡು ಕಿಲೋ ಆಗುತ್ತದೆ. ಬಾಯಿ ಚಪಲ ನನಗೂ ಇದೆ, ಆದರೆ ಅಷ್ಟಿಲ್ಲ. ಸಿಹಿ ಪೊಂಗಲ್ ತಿಂದೆ, ಖಾರ ಪೊಂಗಲ್ ಮತ್ತು ಗೊಜ್ಜು ತಿಂದೆ, ಕಬ್ಬು ಸಿಗಿದೆ, ಅವರೆಕಾಯಿ ಬೇಯಿಸಿದ್ದು ತಿಂದೆ. ಅತ್ತೆ "ಹಬ್ಬದ ದಿನ ಲೆಕ್ಕ ಹಾಕಬೇಡ ಕಣಮ್ಮ, ನೋಡೋರಿಗೆ ಚೆನ್ನಾಗಿರಲ್ಲ" ಅಂದರು. ನಾನು ಹಾಕಲೂ ಇಲ್ಲ.

ಹಾಗಾದರೆ ಈ 1.4 ಕಿಲೋ ಏನು? ಬಹುಪಾಲು ನೀರು. ನಾವು ತಿಂದ ಅನ್ನ, ಚಪಾತಿ, ಬೆಲ್ಲದಲ್ಲಿ ಒಂದು ಪಾಲನ್ನು ದೇಹ ಗ್ಲೈಕೋಜನ್ ಮಾಡಿ ಸ್ನಾಯು ಮತ್ತು ಲಿವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ದೊಡ್ಡವರಲ್ಲಿ ಇದು 400-500 ಗ್ರಾಂ ಇರಬಹುದು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ನಿಲ್ಲಿಸಿದ ಮೊದಲ ವಾರ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಗೆ ಹಾಕುತ್ತದೆ, ಅದರ ಜೊತೆ ಇನ್ನಷ್ಟು ನೀರು. ವಾರದಲ್ಲಿ ಎರಡು ಕಿಲೋ ಇಳಿಯಿತು ಅಂತ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆ ಬೀಳುವುದು ಇದಕ್ಕೇ. ಅನ್ನ ಮತ್ತೆ ಶುರು ಮಾಡಿದ ದಿನ ಅದೇ ನೀರು ಮನೆಗೆ ಬರುತ್ತದೆ. ಹೋಗುವಾಗ ಚಪ್ಪಾಳೆ, ಬರುವಾಗ ಅಳು. ಎರಡಕ್ಕೂ ಅರ್ಥ ಇಲ್ಲ.

ಇದರಲ್ಲಿ ಇನ್ನೊಂದು ಮೋಸ ಇದೆ. ಹಬ್ಬ ಮುಗಿಸಿ ತೂಕ ನೋಡಿ ಹೆದರಿದವರು ಒಂದು ವಾರ ಕಟ್ಟುನಿಟ್ಟು ಮಾಡುತ್ತಾರೆ. ಅನ್ನ ಇಲ್ಲ, ಚಪಾತಿ ಇಲ್ಲ, ಬರೀ ಮೊಟ್ಟೆ ಮತ್ತು ಪನೀರ್. ಒಂದೂವರೆ ಕಿಲೋ ಸರ್ರನೆ ಇಳಿಯುತ್ತದೆ. "ನೋಡಿ, ಸರಿ ಮಾಡಿಕೊಂಡೆ" ಅಂತ ಮತ್ತೆ ಊಟಕ್ಕೆ ಕೂರುತ್ತಾರೆ. ಇಳಿದದ್ದೂ ನೀರು, ಏರುವುದೂ ನೀರು. ಈ ಗಲಾಟೆಯ ಅಡಿಯಲ್ಲಿ ತಿಂಗಳಿಗೆ ಕಾಲು ಕಿಲೋ ನಿಜವಾದ ಕೊಬ್ಬು ಸದ್ದಿಲ್ಲದೆ ಸೇರುತ್ತಿದ್ದರೆ ಅದು ಕಾಣುವುದೇ ಇಲ್ಲ. ವರ್ಷಕ್ಕೆ ಮೂರು ಕಿಲೋ ಆದಾಗ, ಡಯೆಟ್ ಕೆಲಸಕ್ಕೆ ಬರಲ್ಲ ಅನ್ನುತ್ತಾರೆ.

ಹಾಗಾಗಿ ನಾನು ದಿನದ ತೂಕ ಬರೆದರೂ ನೋಡುವುದು ವಾರದ ಸರಾಸರಿಯನ್ನು. 78ರಿಂದ 66ಕ್ಕೆ ಬಂದ ಮೇಲೆ ಫ್ರಿಜ್ ಮೇಲೆ 68 ಅಂತ ಒಂದು ಚೀಟಿ ಅಂಟಿಸಿದ್ದೇನೆ. ಸರಾಸರಿ ಅದನ್ನು ದಾಟಿದರೆ ಮಾತ್ರ ಏನಾದರೂ ಬದಲಾಯಿಸುವುದು. ಬದಲಾಯಿಸುವಾಗ ಅನ್ನಕ್ಕೆ ಕೈ ಹಾಕುವುದು ಕೊನೆಗೆ. ಮೊದಲು ನೋಡುವುದು ತುಪ್ಪ, ಕಡಲೆಕಾಯಿ, ಎಣ್ಣೆ.

ಇದು ವಿಚಿತ್ರ ಅನ್ನಿಸಬಹುದು. ನಮ್ಮ ಆಫೀಸಿನ ಅಕೌಂಟ್ಸ್ ಸರ್ ಕಥೆ ಹೇಳಿದರೆ ಅರ್ಥ ಆಗುತ್ತದೆ. (ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.) ಅವರೂ ನಾನೂ ಹೆಚ್ಚುಕಡಿಮೆ ಒಟ್ಟಿಗೆ ಶುರು ಮಾಡಿದ್ದು. ಅವರು ನನಗಿಂತ ಜಾಸ್ತಿ ಇಳಿದರು. ಆಗ ಅವರ ಡಬ್ಬದಲ್ಲಿ ಇರುತ್ತಿದ್ದದ್ದು ತುಪ್ಪದಲ್ಲಿ ಹುರಿದ ಪನೀರ್, ಎರಡು ಮೊಟ್ಟೆ, ಎಣ್ಣೆ ಧಾರಾಳ ಇರುವ ಪಲ್ಯ, ಸಂಜೆಗೆ ಒಂದು ಬೊಗಸೆ ಬಾದಾಮಿ-ಕಡಲೆಕಾಯಿ. ಅನ್ನ ಇಲ್ಲದಾಗ ಅದು ನಡೆಯಿತು. ಹೊಟ್ಟೆ ತುಂಬುತ್ತಿತ್ತು, ಒಟ್ಟು ಕ್ಯಾಲೊರಿ ತಾನಾಗಿ ಕಡಿಮೆ ಆಗುತ್ತಿತ್ತು. ಆಮೇಲೆ ಮಗಳ ಮದುವೆ ಬಂತು, ಓಡಾಟ ಬಂತು, ಅನ್ನ ವಾಪಸ್ ಬಂತು. ಡಬ್ಬ ಈಗಲೂ ನೋಡುತ್ತೇನೆ. ಅನ್ನ ಇದೆ, ಹುಳಿ ಇದೆ. ಪಕ್ಕದಲ್ಲಿ ಅದೇ ಪನೀರ್, ಅದೇ ತುಪ್ಪ. ಸಂಜೆ ಅದೇ ಬೊಗಸೆ.

ಒಂದು ಕಪ್ ಅನ್ನ ಸುಮಾರು 200 ಕ್ಯಾಲೊರಿ. ಊಟದ ಚಮಚದಲ್ಲಿ ಒಂದು ಚಮಚ ತುಪ್ಪ ಸುಮಾರು 120. ಐವತ್ತು ಗ್ರಾಂ ಕಡಲೆಕಾಯಿ ಬೀಜ 280 ಹತ್ತಿರ. ಅನ್ನದ ಊಟದಲ್ಲಿ ತುಪ್ಪ ಸ್ವಲ್ಪ ಇದ್ದರೆ ನಡೆಯುತ್ತದೆ. ತುಪ್ಪದ ಊಟದಲ್ಲಿ ಅನ್ನ ಇಲ್ಲದಿದ್ದರೆ ನಡೆಯುತ್ತದೆ. ಎರಡೂ ಊಟವನ್ನು ಒಂದೇ ತಟ್ಟೆಯಲ್ಲಿ ಉಂಡರೆ? ಸರ್ ಅನ್ನವನ್ನೇ ಬೈಯುತ್ತಾರೆ, "ಒಂದು ತುತ್ತು ಅನ್ನ ತಿಂದರೂ ಮೈಗೆ ಹತ್ತುತ್ತೆ ಮೇಡಂ" ಅಂತ. ಪಾಪ ಅನ್ನ! ಡಯೆಟ್ ಬಿಟ್ಟೆ ಅಂದುಕೊಂಡವರು ಅದರ ಅರ್ಧವನ್ನು ಮಾತ್ರ ಬಿಟ್ಟಿರುತ್ತಾರೆ.

ಎಳ್ಳು-ಬೆಲ್ಲವೂ ಇದೇ ಜಾತಿ. ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜದ ಎಣ್ಣೆ ಒಂದು ಕಡೆ, ಬೆಲ್ಲ ಇನ್ನೊಂದು ಕಡೆ. ನೂರು ಗ್ರಾಮಿಗೆ ಸುಮಾರು 500 ಕ್ಯಾಲೊರಿ. ಹಬ್ಬದ ದಿನ ತಿಂದದ್ದಕ್ಕೆ ನನ್ನ ತಕರಾರಿಲ್ಲ. ಬೀದಿಯವರೆಲ್ಲ ಬೀರಿದ್ದು ಸೇರಿ ಸ್ಟೀಲ್ ಡಬ್ಬದಲ್ಲಿ ಉಳಿದಿದೆಯಲ್ಲ, ಅಡುಗೆಮನೆಗೆ ಹೋದಾಗೆಲ್ಲ ಸುಮ್ನೆ ಒಂದು ಚಿಟಿಕೆ ಬಾಯಿಗೆ ಹೋಗುತ್ತದಲ್ಲ, ತಕರಾರು ಅದಕ್ಕೆ. ನಿನ್ನೆ ಅರ್ಧ ಡಬ್ಬ ಮನೆ ಕೆಲಸದವರ ಮಕ್ಕಳಿಗೆ, ಸಕ್ಕರೆ ಅಚ್ಚು ಪೂರ್ತಿ ಎದುರು ಮನೆಗೆ ಕಳಿಸಿದೆ. ಅತ್ತೆಗೆ ಸ್ವಲ್ಪ ಬೇಜಾರಾಯಿತು.

ಲೋ ಕಾರ್ಬ್ ಬಗ್ಗೆ ನನಗೆ ಸಿಟ್ಟಿಲ್ಲ. ನನಗೆ ಕೆಲಸ ಮಾಡಿತು. ಆದರೆ ಅದರಲ್ಲಿ ಮಾಯಾಮಂತ್ರ ಇಲ್ಲ. 2003ರಲ್ಲಿ ಅಮೆರಿಕದಲ್ಲಿ 63 ಜನರ ಮೇಲೆ ನಡೆದ ಅಧ್ಯಯನದಲ್ಲಿ ಆರು ತಿಂಗಳಿಗೆ ಲೋ ಕಾರ್ಬ್ ಗುಂಪು ಮುಂದಿತ್ತು, ವರ್ಷಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಎರಡು ಗುಂಪು ಮಾಡಿ ವರ್ಷ ಪೂರ್ತಿ ನೋಡಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಕಾರ್ಬ್ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಯಾವ ದಾರಿ ಅನ್ನುವ ಜಗಳಕ್ಕೆ ಇಷ್ಟೇ ಬೆಲೆ.

ಇಳಿದ ಮೇಲೆ ಹಸಿವು ಜಾಸ್ತಿ ಆಗುವುದು ಮನಸ್ಸಿನ ದೌರ್ಬಲ್ಯ ಅಲ್ಲ ಅನ್ನುವುದು ಮಾತ್ರ ನಮ್ಮವರಿಗೆ ಗೊತ್ತಾಗಬೇಕು. ಮೆಲ್ಬರ್ನ್‌ನ ತಂಡವೊಂದು 2011ರಲ್ಲಿ ತೋರಿಸಿತು: ತೂಕ ಇಳಿಸಿ ಒಂದು ವರ್ಷ ಕಳೆದರೂ ಲೆಪ್ಟಿನ್, ಗ್ರೆಲಿನ್ ಥರದ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ಜೊತೆಗೆ ಹನ್ನೆರಡು ಕಿಲೋ ಹಗುರಾದ ದೇಹ ಅದೇ ಕುಕ್ಕರಹಳ್ಳಿ ಕೆರೆ ಸುತ್ತಲು ಮೊದಲಿಗಿಂತ ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ಅಂದರೆ 78 ಕಿಲೋ ಇದ್ದಾಗ ತಿನ್ನುತ್ತಿದ್ದ ಊಟ 66 ಕಿಲೋದವಳಿಗೆ ಜಾಸ್ತಿ. ಇದು ಅನ್ಯಾಯ ಅನ್ನಿಸುತ್ತದೆ. ಅನ್ಯಾಯವೇ.

ತೂಕ ಉಳಿಸಿಕೊಂಡವರು ಏನು ಮಾಡುತ್ತಾರೆ ಅಂತ ಅಮೆರಿಕದ ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ 1994ರಿಂದ ಪಟ್ಟಿ ಇಡುತ್ತಾ ಬಂದಿದೆ. ಕನಿಷ್ಠ 13.6 ಕಿಲೋ ಇಳಿಸಿ ವರ್ಷ ಕಾಯ್ದುಕೊಂಡವರು ಸೇರಬಹುದು. ಅಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಓಡಾಡುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಗೆದ್ದವರನ್ನು ಮಾತ್ರ ಕೇಳಿದ ಪಟ್ಟಿ ಅದು, ಪೂರ್ತಿ ನಂಬಬೇಕಿಲ್ಲ. ಆದರೂ ನಡಿಗೆಯ ಮಾತನ್ನು ನಾನು ಒಪ್ಪಿಕೊಂಡಿದ್ದೇನೆ. ಇಳಿಸುವಾಗ ನಡಿಗೆ ಅಷ್ಟೇನೂ ಸಹಾಯ ಮಾಡಲಿಲ್ಲ, ಉಳಿಸಿಕೊಳ್ಳುವಾಗ ಮಾಡುತ್ತಿದೆ.

ಈಗಿನ ನನ್ನ ಊಟ ಲೋ ಕಾರ್ಬ್ ಅಲ್ಲ. ಸಕ್ಕರೆ ಕಾಯಿಲೆ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ಭಾರತೀಯರ ಊಟದ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಕಾರ್ಬ್‌ನಿಂದ. ನಾನು ಅಲ್ಲಿಗೂ ವಾಪಸ್ ಹೋಗಿಲ್ಲ. ಮಧ್ಯಾಹ್ನ ಒಂದೂವರೆ ಸೌಟು ಅನ್ನ. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಅನ್ನ. ರಾತ್ರಿ ಒಂದು ಚಪಾತಿ, ಇಲ್ಲವೇ ಹೆಸರುಕಾಳಿನ ಉಸ್ಲಿ. ಕಾಫಿಗೆ ಸಕ್ಕರೆ ವಾಪಸ್ ಬಂದಿಲ್ಲ, ಅದು ಬೇಕು ಅನ್ನಿಸುವುದೂ ಇಲ್ಲ. ಭಾನುವಾರ ಮಾತ್ರ ದೋಸೆ.

ಯಜಮಾನರು ಮಂಡ್ಯ ಕಡೆಯವರು, ಮುದ್ದೆ ಬಿಟ್ಟರೆ ಊಟ ಆಗಲ್ಲ. ರಾಗಿ ತಿಂದರೆ ದಪ್ಪ ಆಗಲ್ಲ ಅನ್ನುವುದು ಅವರ ದೃಢ ನಂಬಿಕೆ. ರಾಗಿಯಲ್ಲಿ ನೂರು ಗ್ರಾಮಿಗೆ 67 ಗ್ರಾಂ ಹತ್ತಿರ ಕಾರ್ಬ್ ಇದೆ, ಅಕ್ಕಿಯಲ್ಲಿ 78. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಜಾಸ್ತಿ, ಅದು ನಿಜ. ಆದರೆ ಮುದ್ದೆ ತೆಂಗಿನಕಾಯಿ ಗಾತ್ರ ಇದ್ದರೆ ರಾಗಿ ಏನು ಮಾಡೀತು? ಲಾಭ ಇರುವುದು ಅದರ ಜೊತೆಗಿನ ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರಿನಲ್ಲಿ. ಅದನ್ನು ಹೇಳಿದರೆ ಮನೆಯಲ್ಲಿ ಎರಡು ದಿನ ಮಾತು ಬಿಗಿ.

ಅತ್ತೆಗೆ ಮಾತ್ರ ಯಾವ ಡಯೆಟ್ಟೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಅಂಥವರು ಡಾಕ್ಟರನ್ನು ಕೇಳದೆ ಅನ್ನ ನಿಲ್ಲಿಸಿದರೆ ಸಕ್ಕರೆ ತೀರಾ ಕೆಳಗಿಳಿದು ತಲೆಸುತ್ತಿ ಬೀಳಬಹುದು.

ನಿನ್ನೆ ಅಕೌಂಟ್ಸ್ ಸರ್ ಹೊಸ ವಿಷಯ ತಂದರು. ಹೋದ ವರ್ಷ ನಮ್ಮ ದೇಶಕ್ಕೂ ಬಂತಲ್ಲ, ವಾರಕ್ಕೊಂದು ತೂಕದ ಇಂಜೆಕ್ಷನ್, ಅದನ್ನು ತೆಗೆದುಕೊಳ್ಳಲೇ ಅಂತ. ಅದು ಅವರ ಡಾಕ್ಟರ್ ಹೇಳಬೇಕಾದ ಮಾತು. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಇಂಥ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ವರದಿ ಬಂತು. ಇಳಿದ ತೂಕದ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಸರ್ ಮುಖ ಸಣ್ಣದಾಯಿತು. "ಹಂಗಾದ್ರೆ ಏನು ಮಾಡ್ಲಿ ಮೇಡಂ?"

ತಿಂಗಳಿಗೆ ನಿಮ್ಮ ಮನೆಗೆ ಎಷ್ಟು ಎಣ್ಣೆ ಬರುತ್ತೆ ಅಂತ ಕೇಳಿದೆ. ಐದು ಲೀಟರ್ ಕ್ಯಾನ್ ಅಂದರು. ಮಗಳ ಮದುವೆ ಆದ ಮೇಲೆ ಮನೆಯಲ್ಲಿರುವುದು ಮೂರೇ ಜನ. ಡಾಕ್ಟರುಗಳು ಹೇಳುವುದು ತಲೆಗೆ ಅರ್ಧ ಲೀಟರ್. ತುಪ್ಪದ ಲೆಕ್ಕ ಅವರಿಗೆ ಗೊತ್ತಿಲ್ಲವಂತೆ, ಮನೆಯವರನ್ನು ಕೇಳಿ ಸೋಮವಾರ ಹೇಳುತ್ತಾರಂತೆ.