ಡೆಮಾಕ್ರಸಿ ಇನ್ನೆಷ್ಟು ದಿನ, ಮೇಷ್ಟ್ರೇ?

ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ತಪ್ಪಿಗೆ ಈ ಪ್ರಶ್ನೆ ನನ್ನ ಬೆನ್ನು ಬಿಡುತ್ತಿಲ್ಲ. ಬ್ಯಾಂಕಿನಲ್ಲಿ, ಮದುವೆಯಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲೂ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲೇ ಓದಿಕೊಳ್ಳಿ.

ಗೊತ್ತಿಲ್ಲ. ಆಯ್ತಾ?

ನಮ್ಮಜ್ಜಿ 1952ರಲ್ಲೇ ಓಟು ಹಾಕಿದ್ದರು. ಆಗ ಕೊಡಗು ಬೇರೆ ರಾಜ್ಯ, 24 ಸೀಟಿನ ಸ್ವಂತ ವಿಧಾನಸಭೆ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1971ರಲ್ಲಿ. ಇಷ್ಟು ಅಡ್ಡಾದಿಡ್ಡಿ ನಡೆಯುವ ವಿಷಯಕ್ಕೆ ಭವಿಷ್ಯ ಹೇಳಲು ನಾನು ಕಣಿ ಹೇಳುವವನಲ್ಲ.

2025ರ ಬೇಸಿಗೆ, ವಿರಾಜಪೇಟೆಯ ಒಂದು ಮದುವೆ. ತಟ್ಟೆಯಲ್ಲಿ ಕಡಂಬುಟ್ಟು, ಪಂದಿ ಕರಿ. ಪಕ್ಕದ ತೋಟದ ಮಾಲೀಕರು ಅಡ್ಡ ಬಂದು, "ಪ್ರಪಂಚದಲ್ಲೆಲ್ಲ ಡೆಮಾಕ್ರಸಿ ಮುಗೀತಾ ಬಂತಲ್ಲ ಸಾರ್?" ಅಂದರು. ಕಾಫಿ ಹೂ ಅರಳಿಸುವ ಹೂಮಳೆ ಬರುತ್ತಾ ಅಂತ ಕೇಳುವ ಧಾಟಿ. ಸಿಟ್ಟು ಬಂದಿದ್ದು ಅದಕ್ಕೇ. ಹೂಮಳೆ ಕೈಕೊಟ್ಟರೆ ಇವರೇನು ಸುಮ್ನೆ ಕೂರುತ್ತಾರಾ? ಕೆರೆಗೆ ಪಂಪ್ ಇಳಿಸಿ ರಾತ್ರಿಯಿಡೀ ಸ್ಪ್ರಿಂಕ್ಲರ್ ತಿರುಗಿಸುತ್ತಾರೆ.

ದಕ್ಷಿಣ ಕೊರಿಯಾದ ಕಥೆ ಹೇಳಿದೆ. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷರು ಸೇನಾಡಳಿತ ಸಾರಿದರು. ಜನ ಸಂಸತ್ತಿನ ಮುಂದೆ ಸೇರಿದರು. ಕೆಲವು ಸಂಸದರು ಬೇಲಿ ಹತ್ತಿ ಒಳಗೆ ಹೋದರು. 190 ಜನ ಹಾಜರಿದ್ದರು, 190 ಜನವೂ ಬೇಡ ಅಂದರು. ಬೆಳಗಾಗುವ ಮೊದಲೇ ಆದೇಶ ವಾಪಸ್.

"ಅದು ಕೊರಿಯಾ ಸಾರ್," ಅಂದು ಅವರು ಇನ್ನೊಂದು ಸಲ ಕರಿ ಹಾಕಿಸಿಕೊಳ್ಳಲು ಹೋದರು. ನನ್ನದು ತಣ್ಣಗಾಗಿತ್ತು.

ನಾನೇನು ಬೇಲಿ ಹತ್ತಿದವನಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಇದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಉರುಳಿದವು. ಟ್ಯಾಂಕೂ ಬರಲಿಲ್ಲ, ಸೈನಿಕರೂ ಬರಲಿಲ್ಲ. ಮೆಂಬರುಗಳಿದ್ದ ಜಾಗದಲ್ಲಿ ಅಧಿಕಾರಿಗಳು ಕೂತರು, ಅಷ್ಟೇ. ಅದರ ಬಗ್ಗೆ ಯಾವ ಮದುವೆಯಲ್ಲೂ ನನ್ನನ್ನು ಯಾರೂ ಅಡ್ಡಗಟ್ಟಲಿಲ್ಲ.

ಆ ಮದುವೆಯಾದ ವರ್ಷವೇ ಜೂನಿನ ಮಳೆಯಲ್ಲಿ ನಮ್ಮ ರಸ್ತೆಯ ಮೋರಿ ಕೊಚ್ಚಿಹೋಯಿತು. ಆ ತೋಟದ ಮಾಲೀಕರದೇ ಫೋನು.

"ಸಾರ್, ಈಗ ನಮ್ಮ ಜಿಲ್ಲಾ ಪಂಚಾಯಿತಿ ಮೆಂಬರ್ ಯಾರು?"

"ಯಾರೂ ಇಲ್ಲ."

"ಹೌದಾ! ಯಾವಾಗಿಂದ?"